ಗೃಹಸ್ಥನ ಭೂಮಿಯೂ ಸರಕಾರದ ಅಧಿಕಾರವೂ

ಕಾಳಿದಾಸನ ಶಾಕುಂತಲವನ್ನು ಓದಿದವರೆಲ್ಲರಿಗೂ ಉಂಗುರದ ಪ್ರಸಂಗವು ನೆನಪಿರುತ್ತದೆ. ಆರನೆಯ ಅಂಕದಲ್ಲಿ ಬರುವ ಒಂದು ಸಣ್ಣ ಪತ್ರದ ಸಂಗತಿಯನ್ನು ಗಮನವಿಟ್ಟು ನೋಡಿದವರು ವಿರಳ. ಧನಮಿತ್ರನೆಂಬ ಸಮುದ್ರವ್ಯಾಪಾರಿಯು ಹಡಗು ಒಡೆದು ಮೃತನಾದನೆಂದೂ, ಅವನಿಗೆ ಸಂತಾನವಿಲ್ಲವಾದುದರಿಂದ ಅವನ ಐಶ್ವರ್ಯವೆಲ್ಲವೂ ರಾಜನ ಬೊಕ್ಕಸಕ್ಕೆ ಸೇರತಕ್ಕದ್ದೆಂದೂ ಅಮಾತ್ಯನು ಬರೆದು ಕಳುಹಿಸುತ್ತಾನೆ. ಅಂದಿನ ವ್ಯವಹಾರಧರ್ಮದಂತೆ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ದುಷ್ಯಂತನು ಒಪ್ಪಿಗೆ ಕೊಡುವುದಕ್ಕೆ ಮೊದಲು, ಆ ವರ್ತಕನ ಪತ್ನಿಯರಲ್ಲಿ ಗರ್ಭಿಣಿಯರು ಯಾರಾದರೂ ಇರುವರೋ ವಿಚಾರಿಸಿರೆಂದು ಹೇಳುತ್ತಾನೆ. ವಿಚಾರಿಸಲಾಗಿ ಒಬ್ಬಾಕೆಗೆ ಆಗತಾನೇ ಪುಂಸವನವು ನಡೆದಿರುವುದು ತಿಳಿದುಬರುತ್ತದೆ. ಸೊತ್ತು ಗರ್ಭಸ್ಥವಾದ ಶಿಶುವಿಗೆ ನಿಲ್ಲುತ್ತದೆ.

ರಾಜನು ಇಲ್ಲಿ ತನ್ನ ಅಧಿಕಾರವನ್ನು ಬಿಟ್ಟುಕೊಡಲಿಲ್ಲ. ತೆಗೆದುಕೊಳ್ಳುವುದಕ್ಕೆ ಮುಂಚೆ ಕೇಳಿದನು, ಅಷ್ಟೆ. ನಮ್ಮ ದೇಶದ ನ್ಯಾಯಸ್ಥಾನಗಳು ಎಪ್ಪತ್ತೈದು ವರುಷಗಳ ವಾದವಿವಾದದ ತರುವಾಯ ಬಂದು ನಿಂತಿರುವುದೂ ಬಹುಮಟ್ಟಿಗೆ ಇದೇ ಸ್ಥಳದಲ್ಲಿ ಎಂಬುದನ್ನು ವಾಚಕರಿಗೆ ತೋರಿಸಬೇಕೆಂಬುದು ನಮ್ಮ ಉದ್ದೇಶ.

ಭೂಮಿಯ ಒಡೆಯನಾರು ಎಂಬ ಪ್ರಶ್ನೆಯು ನಮ್ಮ ಶಾಸ್ತ್ರಕಾರರಿಗೆ ಹೊಸದಲ್ಲ. ವಿಶ್ವಜಿತ್ ಎಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನಮಾಡತಕ್ಕದ್ದಷ್ಟೆ. ಹಾಗಾದರೆ ರಾಜನು ಆ ಯಾಗವನ್ನು ಮಾಡಿದಾಗ ರಾಜ್ಯದ ನೆಲವನ್ನೆಲ್ಲ ದಾನವಾಗಿ ಕೊಡಬಹುದೇ ಎಂದು ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದಲ್ಲಿ ಚರ್ಚೆ ಬಂದಿದೆ. ಕೊಡಲಾಗದು, ಏಕೆಂದರೆ ಭೂಮಿಯು ಎಲ್ಲರಿಗೂ ಸಮಾನವಾದದ್ದು, ಎಂಬುದೇ ಜೈಮಿನಿಯ ಸಿದ್ಧಾಂತ. ನೀಲಕಂಠಭಟ್ಟನು ವ್ಯವಹಾರಮಯೂಖದಲ್ಲಿ ಇದನ್ನು ಇನ್ನಷ್ಟು ಬಿಡಿಸಿ, ದೇಶವನ್ನು ಗೆದ್ದ ಅರಸನಿಗೂ ಸಿಕ್ಕುವುದು ಕಂದಾಯವನ್ನೆತ್ತುವ ಹಕ್ಕು ಮಾತ್ರವೆಂದೂ, ಹೊಲದ ಒಡೆತನವು ಹೊಲದವನಲ್ಲಿಯೇ ಉಳಿಯುವುದೆಂದೂ ಹೇಳುತ್ತಾನೆ. ಅರಸನೇ ನೆಲಕ್ಕೂ ನೀರಿಗೂ ಒಡೆಯನೆಂದು ವಾದಿಸಿದವರೂ ಇಲ್ಲದಿಲ್ಲ. ಆ ಜಗಳವು ಇಂದಿಗೂ ತೀರಿಲ್ಲ. ಅರಸನ ಸ್ಥಾನದಲ್ಲಿ ಸರಕಾರವು ಬಂದು ಕುಳಿತಿದೆ.

ನಮ್ಮ ಮುಳಬಾಗಿಲು ದಾರಿಯ ಮೇಲಿನ ಊರು. ವಿಜಯನಗರದವರ ರಾಜ್ಯಕ್ಕೆ ಮೂಡಲ ಬಾಗಿಲಾಗಿದ್ದುದರಿಂದಲೇ ಈ ಹೆಸರು ಬಂತೆಂದು ಹಿರಿಯರು ಹೇಳುವುದುಂಟು. ಬೆಂಗಳೂರಿನಿಂದ ತಿರುಪತಿಗೂ ಮದರಾಸಿಗೂ ಹೋಗುವವರು ಆಂಜನೇಯನಿಗೆ ಕೈಮುಗಿದು, ನಂಗಲಿಯನ್ನು ದಾಟಿ ಮುಂದಕ್ಕೆ ಹೋಗುವರು. ದಾರಿಯಿರುವ ಊರಿಗೆ ವ್ಯಾಪಾರದ ಸುಖವುಂಟು. ದಾರಿಯು ಅಗಲವಾಗುವಾಗ ಹೊಲಮನೆಗಳನ್ನು ಕೊಡಬೇಕಾದ ಕಷ್ಟವೂ ಉಂಟು. ಹಳೆಯ ಮದರಾಸು ರಸ್ತೆಯು 75ನೆಯ ರಾಷ್ಟ್ರೀಯ ಹೆದ್ದಾರಿಯಾಗಿ ನಾಲ್ಕು ಪಥಗಳಿಗೆ ಹಿಗ್ಗಿದಾಗ ಈ ಕಷ್ಟವನ್ನು ನಮ್ಮವರು ಕಂಡರು. ಬೆಂಗಳೂರು–ಚೆನ್ನೈ ವೇಗಮಾರ್ಗವು ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಯ ಹೊಲಗಳ ನಡುವೆ ಹಾದಾಗ ನೆರೆಯವರು ಕಂಡರು. ನರಸಾಪುರ, ವೇಮಗಲ್‌ಗಳಲ್ಲಿ ಕಾರ್ಖಾನೆಗಳು ಎದ್ದಿರುವುದೂ ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ನೆಲದ ಮೇಲೆಯೇ. ರಸ್ತೆಯೇ ಬೇಡವೆನ್ನುವ ರೈತನನ್ನು ನಾವು ಕಂಡದ್ದು ಅಪರೂಪ. ತನ್ನನ್ನು ಒಂದು ಮಾತು ಕೇಳಲಿಲ್ಲವೆಂಬುದೂ, ಕೊಟ್ಟ ಹಣವು ಅನ್ಯಾಯವಾಯಿತೆಂಬುದೂ, ಅದೂ ಕಾಲಕ್ಕೆ ಬರಲಿಲ್ಲವೆಂಬುದೂ ಅವನ ದೂರು.

ಈಗ ರಾಜ್ಯಾಂಗದ ವಿಷಯಕ್ಕೆ ಬರೋಣ. ರಾಜ್ಯಾಂಗತತ್ತ್ವಗಳನ್ನು ಸಾಮಾನ್ಯ ಓದುಗನಿಗೆ ಕನ್ನಡದಲ್ಲಿ ತಿಳಿಯಹೇಳಿದ ಡಿ. ವಿ. ಗುಂಡಪ್ಪನವರು 1887ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ; ಈ ಊರಿನವರಾದ ನಾವು ಅಂತಹ ವಿಷಯಕ್ಕೆ ಕೈಹಾಕುವಾಗ ಸ್ವಲ್ಪ ಭಯಭಕ್ತಿಯಿಂದಲೇ ಹಾಕುತ್ತೇವೆ. 1950ರಲ್ಲಿ ಭಾರತದ ಸಂವಿಧಾನವು ಜಾರಿಗೆ ಬಂದಾಗ ಸೊತ್ತಿನ ಹಕ್ಕು ಮೂಲಭೂತ ಹಕ್ಕುಗಳ ಸಾಲಿನಲ್ಲಿತ್ತು. 19ನೆಯ ಅನುಚ್ಛೇದವು ಸೊತ್ತನ್ನು ಗಳಿಸುವ, ಇಟ್ಟುಕೊಳ್ಳುವ, ಪರಭಾರೆ ಮಾಡುವ ಸ್ವಾತಂತ್ರ್ಯವನ್ನು ಕೊಟ್ಟಿತು; 31ನೆಯದು ಸಾರ್ವಜನಿಕ ಉದ್ದೇಶವೂ ಪರಿಹಾರವೂ ಇಲ್ಲದೆ ಯಾರ ಸೊತ್ತನ್ನೂ ತೆಗೆದುಕೊಳ್ಳಬಾರದೆಂದಿತು. ಆದರೆ ಅದೇ ಕಾಲದಲ್ಲಿ ಜಮೀನ್ದಾರಿ ಪದ್ಧತಿಯನ್ನು ತೊಡೆದುಹಾಕುವ ಕಾರ್ಯವೂ ತೊಡಗಿತ್ತು. ಜಮೀನ್ದಾರರು ಕೋರ್ಟಿಗೆ ಹೋದರು. ಸರಕಾರವು ಸಂವಿಧಾನವನ್ನೇ ತಿದ್ದಿತು. 1951ರ ಮೊದಲನೆಯ ತಿದ್ದುಪಡಿಯು ಒಂಬತ್ತನೆಯ ಅನುಸೂಚಿಯನ್ನು ಕಲ್ಪಿಸಿತು. 1955ರ ನಾಲ್ಕನೆಯದು ಪರಿಹಾರವು ಸಾಲದೆಂದು ಕೋರ್ಟಿನಲ್ಲಿ ಪ್ರಶ್ನಿಸುವ ದಾರಿಯನ್ನು ಮುಚ್ಚಿತು. 1971ರ ಇಪ್ಪತ್ತೈದನೆಯದು ಪರಿಹಾರವೆಂಬ ಶಬ್ದವನ್ನೇ ತೆಗೆದು ಮೊಬಲಗು ಎಂಬರ್ಥದ ಬೇರೊಂದು ಶಬ್ದವನ್ನಿಟ್ಟಿತು.

ನಮ್ಮ ಸೀಮೆಯಲ್ಲಿ ಈ ಕಾಲದ ಗುರುತುಗಳು ಬೇಕಾದಷ್ಟಿವೆ. 1954 ಮತ್ತು 1955ರ ಮೈಸೂರಿನ ಕಾಯಿದೆಗಳಿಂದ ಇನಾಮುಗಳು ರದ್ದಾದವು. 1956ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಆಂಗ್ಲ ಕಂಪೆನಿಗಳಿಂದ ಮೈಸೂರು ಸರಕಾರವು ಇದಕ್ಕೆಂದೇ ಮಾಡಿದ ಒಂದು ಕಾಯಿದೆಯಿಂದ ವಹಿಸಿಕೊಂಡಿತು. 1974ರ ಮಾರ್ಚಿ 1ರಿಂದ, ದೇವರಾಜ ಅರಸರ ಸರಕಾರದ ಭೂಸುಧಾರಣೆಯಂತೆ, ಗೇಣಿಗೆ ಕೊಟ್ಟ ಜಮೀನುಗಳೆಲ್ಲವೂ ಸರಕಾರದಲ್ಲಿ ನಿಹಿತವಾಗಿ, ಏಳನೆಯ ನಮೂನೆಯಲ್ಲಿ ಅರ್ಜಿಯನ್ನಿಟ್ಟ ಗೇಣಿದಾರನಿಗೆ ಸ್ವಾಧೀನಾನುಭವದ ಹಕ್ಕು ದೊರೆಯಿತು. ಅದರಿಂದ ನೆಲವನ್ನು ಕಳೆದುಕೊಂಡ ಮನೆತನಗಳ ದುಃಖವನ್ನು ನಾವು ಬಲ್ಲೆವು. ವಿಧವೆಯರು, ದೇವಾಲಯದ ಅರ್ಚಕರು, ನಾಲ್ಕೆಕರೆಯ ಸಣ್ಣ ಹಿಡುವಳಿದಾರರು ಅವರಲ್ಲಿದ್ದರು. ಆದರೂ ತಲೆತಲಾಂತರದಿಂದ ಉತ್ತವನ ಹೆಸರು ಪಹಣಿಗೆ ಬಂದದ್ದು ನ್ಯಾಯವೆಂದೇ ನಮ್ಮ ಮತ. ಕಾಡನ್ನು ಕಡಿದು ಹಸನುಮಾಡಿದವನದೇ ಹೊಲವೆಂದು ಮನುವೂ ಹೇಳಿರುವನಷ್ಟೆ.

ಇದೇ ತೆರನಾದ ಭೂಸುಧಾರಣೆಯು ಕೇರಳದಲ್ಲಿಯೂ ನಡೆಯಿತು. ಕಾಸರಗೋಡಿನ ಹತ್ತಿರ ಎಡನೀರೆಂಬಲ್ಲಿ ಕನ್ನಡಿಗರ ಒಂದು ಮಠವಿದೆ. ಯಕ್ಷಗಾನಕ್ಕೂ ವಿದ್ಯೆಗೂ ಆಶ್ರಯವಾದ ಸ್ಥಳ. ಅದರ ಯತಿಗಳಾಗಿದ್ದ ಕೇಶವಾನಂದ ಭಾರತೀ ಸ್ವಾಮಿಗಳು ಮಠದ ಭೂಮಿಯು ಹೋಗುವುದನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿಯನ್ನು ಸಲ್ಲಿಸಿದರು. ಹದಿಮೂರು ಮಂದಿ ನ್ಯಾಯಾಧೀಶರು ಕುಳಿತು, ಅರುವತ್ತೆಂಟು ದಿನ ವಾದವನ್ನು ಕೇಳಿ, 1973ರ ಏಪ್ರಿಲ್ 24ರಂದು ಏಳು–ಆರರ ಬಹುಮತದಿಂದ ತೀರ್ಪನ್ನಿತ್ತರು. ಸಂವಿಧಾನದ ಮೂಲಸ್ವರೂಪವನ್ನು ಪಾರ್ಲಿಮೆಂಟೂ ಕೆಡಿಸಲಾಗದೆಂಬ ಮಹಾತತ್ತ್ವವು ಹುಟ್ಟಿದ್ದು ಅಲ್ಲಿ. ಬಹುಮತದಲ್ಲಿದ್ದವರೊಳಗೆ ಒಬ್ಬರು ಕಾರ್ಕಳ ತಾಲ್ಲೂಕಿನ ಕೌಡೂರಿನ ಸದಾನಂದ ಹೆಗ್ಡೆಯವರು. ಮರುದಿನವೇ ಅವರನ್ನೂ ಇನ್ನಿಬ್ಬರನ್ನೂ ಹಿಂದಕ್ಕೆ ಬಿಟ್ಟು ಕಿರಿಯರಿಗೆ ಮುಖ್ಯ ನ್ಯಾಯಮೂರ್ತಿಯ ಪದವಿಯನ್ನು ಕೊಡಲಾಗಿ, ಮೂವರೂ ರಾಜೀನಾಮೆಯಿತ್ತರು. ಇಷ್ಟೆಲ್ಲ ಆದರೂ ಸೊತ್ತಿನ ಹಕ್ಕು ಆ ಮೂಲಸ್ವರೂಪದೊಳಗೆ ಸೇರಲಿಲ್ಲ. ತನ್ನ ಭೂಮಿಗಾಗಿ ಹೋದ ಮಠವು ದೇಶಕ್ಕೆ ಸಂವಿಧಾನವನ್ನು ಉಳಿಸಿಕೊಟ್ಟಿತು. ಭೂಮಿಗೆ ರಕ್ಷಣೆ ಸಿಕ್ಕಲಿಲ್ಲ.

ಕೊನೆಗೆ 1978ರ ನಲವತ್ತನಾಲ್ಕನೆಯ ತಿದ್ದುಪಡಿಯು ಸೊತ್ತಿನ ಹಕ್ಕನ್ನು ಮೂಲಭೂತ ಹಕ್ಕುಗಳಿಂದಲೇ ಎತ್ತಿ, 300ಎ ಎಂಬ ಅನುಚ್ಛೇದದಲ್ಲಿ ತಂದಿಟ್ಟಿತು. ಕಾನೂನಿನ ಆಧಾರವಿಲ್ಲದೆ ಯಾರನ್ನೂ ಅವರ ಸೊತ್ತಿನಿಂದ ವಂಚಿತರನ್ನಾಗಿ ಮಾಡತಕ್ಕದ್ದಲ್ಲ ಎಂಬುದಿಷ್ಟೇ ಅದರ ಅಭಿಪ್ರಾಯ. ಪರಿಹಾರದ ಮಾತು ಅದರಲ್ಲಿಲ್ಲ. ಸಾರ್ವಜನಿಕ ಉದ್ದೇಶದ ಮಾತೂ ಇಲ್ಲ. ಹಾಗಾದರೆ ಒಂದು ಕಾಯಿದೆಯನ್ನು ಮಾಡಿ, ಕಾಸೂ ಕೊಡದೆ ನೆಲವನ್ನು ತೆಗೆದುಕೊಳ್ಳಬಹುದೇ?

ಇದಕ್ಕೆ ಉತ್ತರವನ್ನು ತಂದುಕೊಟ್ಟಿದ್ದು ಬೆಂಗಳೂರಿನ ಪಕ್ಕದ ಒಂದು ತೋಟ. ರಷ್ಯದ ಚಿತ್ರಕಾರರಾದ ಸ್ವೆತೊಸ್ಲಾವ್ ರೋರಿಕ್ ಅವರೂ ಅವರ ಪತ್ನಿ, ಚಲಚ್ಚಿತ್ರನಟಿ ದೇವಿಕಾರಾಣಿಯವರೂ ಕನಕಪುರದ ರಸ್ತೆಯ ತಾತಗುಣಿಯಲ್ಲಿ ಸುಮಾರು 470 ಎಕರೆಗಳ ತೋಟವನ್ನು ಮಾಡಿಕೊಂಡು, ಲಿನಲೋ ಎಂಬ ಸುಗಂಧ ತೈಲದ ಮರಗಳನ್ನು ಬೆಳೆಯಿಸಿದ್ದರು. ಇಬ್ಬರೂ 1993, 1994ರಲ್ಲಿ ತೀರಿಕೊಂಡರು. ತೋಟವನ್ನು ತಾನು ಕೊಂಡಿರುವೆನೆಂದು ಒಂದು ಕಂಪೆನಿಯು ಮುಂದೆ ಬಂದಿತು. ರಾಜ್ಯ ಸರಕಾರವು 1996ರಲ್ಲಿ ಪ್ರತ್ಯೇಕ ಕಾಯಿದೆಯಿಂದ ಅದನ್ನು ವಶಪಡಿಸಿಕೊಂಡಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಸರಕಾರದ ಕಾಯಿದೆಯನ್ನು ಎತ್ತಿಹಿಡಿಯಿತು. ಆದರೆ ಎತ್ತಿಹಿಡಿಯುವಾಗ ಆಡಿದ ಮಾತು ನಮಗೆ ಮುಖ್ಯ: 300ಎ ಅನುಚ್ಛೇದದಲ್ಲಿ ಬರೆದಿರಲಿ ಬಿಡಲಿ, ಸಾರ್ವಜನಿಕ ಉದ್ದೇಶವಿಲ್ಲದೆ ಸೊತ್ತನ್ನು ತೆಗೆದುಕೊಳ್ಳುವಂತಿಲ್ಲ, ಪರಿಹಾರವನ್ನು ಕೇಳುವ ಹಕ್ಕು ಆ ಅನುಚ್ಛೇದದೊಳಗೇ ಅಡಗಿದೆ, ಕೊಡುವುದಿಲ್ಲವೆಂದರೆ ಅದಕ್ಕೆ ಸಮರ್ಥನೆಯನ್ನು ಸರಕಾರವೇ ತೋರಿಸಬೇಕು. ವೈಯಾಕರಣರು ಸೂತ್ರದಲ್ಲಿ ಕಾಣದ ಪದವನ್ನು ಹಿಂದಿನ ಸೂತ್ರದಿಂದ ಅನುವೃತ್ತಿಯಾಗಿ ತಂದುಕೊಳ್ಳುವಂತೆಯೇ ಇದು ನಡೆಯಿತು.

ನೆಲವನ್ನು ತೆಗೆದುಕೊಳ್ಳದೆ, ಅದರ ಬಳಕೆಯನ್ನು ಮಾತ್ರ ಕಟ್ಟುಪಾಡಿಗೆ ಒಳಪಡಿಸುವುದು ಬೇರೆಯ ವಿಚಾರ. ನಮ್ಮ ಜಿಲ್ಲೆಯಲ್ಲಿ ಸಾವಿರ ಅಡಿಗಳಿಗಿಂತ ಆಳಕ್ಕೆ ಕೊಳವೆಬಾವಿಯನ್ನು ಕೊರೆದು ಬರಿಯ ಧೂಳನ್ನು ಕಂಡವರಿದ್ದಾರೆ. 1999ರ ಕಾಯಿದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರುಗಳೊಳಗೆ ಅನುಮತಿಯಿಲ್ಲದೆ ಬಾವಿಯನ್ನು ತೋಡುವಂತಿಲ್ಲ. 2011ರ ಅಂತರ್ಜಲ ಕಾಯಿದೆಯು ಅಧಿಸೂಚಿತ ತಾಲ್ಲೂಕುಗಳಲ್ಲಿ ಕೊರೆಯುವುದಕ್ಕೂ ಅಪ್ಪಣೆ ಬೇಕೆನ್ನುತ್ತದೆ. ನನ್ನ ಹೊಲ, ನನ್ನ ದುಡ್ಡು, ಇವರಾರು ಕೇಳುವುದಕ್ಕೆ ಎಂದು ಕೋಪಿಸಿಕೊಳ್ಳುವವರುಂಟು. ಆದರೆ ಹೊಲದಡಿಯ ನೀರು ಬೇಲಿಯನ್ನು ಕಂಡು ನಿಲ್ಲುವುದಿಲ್ಲ. ಒಬ್ಬನ ಆಳವು ಇನ್ನೊಬ್ಬನ ಬಾವಿಯನ್ನು ಒಣಗಿಸುತ್ತದೆ. ಇಂತಹ ನಿರ್ಬಂಧಕ್ಕೆ ಪರಿಹಾರವನ್ನು ಕೇಳುವುದು ನಮಗೆ ಸರಿಕಾಣದು. ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗದವರಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು ಕಟ್ಟುಪಾಡಿಗೆ ವಿರುದ್ಧವಾಗಿ ಕೊಂಡವನಿಂದ ಬಿಡಿಸಿ ಹಿಂದಕ್ಕೆ ಕೊಡಿಸುವ 1978ರ ಕಾಯಿದೆಯೂ ಹೀಗೆಯೇ. ಕೊಂಡವರು ಇದು ಪರಿಹಾರವಿಲ್ಲದ ಅಪಹಾರವೆಂದು ವಾದಿಸಿದರು. 1984ರಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕಟ್ಟುಪಾಡಿಗೂ ಒಂದು ಮೇರೆಯುಂಟು. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಮನೆಗಳಡಿಯ ಕಲ್ಲಿದ್ದಲನ್ನು ತೆಗೆಯಬಾರದೆಂದು ಮಾಡಿದ ಕಾನೂನಿನ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಹೋಮ್ಸ್ ಅವರು 1922ರಲ್ಲಿಯೇ, ನಿಯಂತ್ರಣವು ಮಿತಿಮೀರಿದರೆ ಅದು ಕಿತ್ತುಕೊಂಡುದಕ್ಕೆ ಸಮವೆಂದು ತೀರ್ಮಾನಿಸಿದರು.

ಇನ್ನೊಂದು ಸಂಗತಿಯೂ ನಮ್ಮ ರಾಜ್ಯದಿಂದಲೇ ಹುಟ್ಟಿದ್ದು. 1976ರಲ್ಲಿ ಕರ್ನಾಟಕ ಸರಕಾರವು ಖಾಸಗಿಯವರ ಒಪ್ಪಂದದ ಬಸ್ಸುಗಳನ್ನು ವಶಕ್ಕೆ ತೆಗೆದುಕೊಂಡಿತು. 1977ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಮ್ಮತಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇನ್ನಿಬ್ಬರೊಡನೆ ಬೇರೆಯಾಗಿ ಬರೆದು, ಸಮುದಾಯದ ಭೌತಿಕ ಸಂಪತ್ತಿನಲ್ಲಿ ಖಾಸಗಿ ಸೊತ್ತೂ ಸೇರುವುದೆಂದರು. ಆ ಬಸ್ಸುಗಳೆಲ್ಲ ಗುಜರಿಗೆ ಹೋದ ಎಷ್ಟೋ ವರುಷಗಳ ಮೇಲೆ, 2024ರ ನವೆಂಬರ್ 5ರಂದು, ಒಂಬತ್ತು ಮಂದಿಯ ಪೀಠವು ಬಹುಮತದಿಂದ ಆ ಅಭಿಪ್ರಾಯವನ್ನು ಬದಿಗಿಟ್ಟು, ಪ್ರತಿಯೊಬ್ಬನ ಪ್ರತಿಯೊಂದು ಸೊತ್ತೂ ಸಮುದಾಯದ ಸಂಪತ್ತಾಗಲಾರದೆಂದು ನಿರ್ಣಯಿಸಿತು.

ಗೃಹಸ್ಥನಿಗೆ ಇದಕ್ಕಿಂತಲೂ ಹತ್ತಿರವಾದ ತೀರ್ಪು ಅದೇ ವರುಷದ ಮೇ ತಿಂಗಳಿನದು. ಕಲ್ಕತ್ತೆಯ ನಗರಸಭೆಯ ಮೊಕದ್ದಮೆ. ಇಬ್ಬರು ನ್ಯಾಯಾಧೀಶರು 300ಎ ಅನುಚ್ಛೇದದೊಳಗಿನ ಹಕ್ಕುಗಳನ್ನು ಏಳಾಗಿ ಬಿಡಿಸಿದರು. ಮೊದಲು ನೋಟೀಸು ಕೊಡಬೇಕು, ಹೇಳುವುದನ್ನು ಕೇಳಬೇಕು, ಕಾರಣವನ್ನು ಬರೆದು ತೀರ್ಮಾನಿಸಬೇಕು, ಸಾರ್ವಜನಿಕ ಉದ್ದೇಶವಿರಬೇಕು, ನ್ಯಾಯವಾದ ಪರಿಹಾರ ಸಲ್ಲಬೇಕು, ಎಲ್ಲವೂ ಕಾಲಕ್ಕೆ ಸರಿಯಾಗಿ ನಡೆಯಬೇಕು, ಕಡೆಗೆ, ತೊಡಗಿದ ಕಾರ್ಯವು ಮುಗಿದು ಒಡೆತನದ ವಿಚಾರವು ಇತ್ಯರ್ಥವಾಗಬೇಕು. ದುಷ್ಯಂತನ ಪ್ರಶ್ನೆಯು ಇಲ್ಲಿ ಎರಡನೆಯ ಸ್ಥಾನದಲ್ಲಿದೆ.

ವಿಳಂಬವೂ ಒಂದು ಬಗೆಯ ಅಪಹಾರವೇ. ಬೆಂಗಳೂರು–ಮೈಸೂರು ಕಾರಿಡಾರ್ ರಸ್ತೆಗೆಂದು 2003ರಲ್ಲಿ ಅಧಿಸೂಚಿತವಾದ ನೆಲವನ್ನು 2005ರಲ್ಲಿ ವಶಕ್ಕೆ ತೆಗೆದುಕೊಂಡು, ಐತೀರ್ಪನ್ನು ಹೊರಡಿಸಿದ್ದು 2019ರಲ್ಲಿ. ಬೆಲೆಯನ್ನು ಹಳೆಯ ದಿನಾಂಕಕ್ಕೆ ಕಟ್ಟಿದರೆ ಅದು ನ್ಯಾಯದ ಅಣಕವಾಗುವುದೆಂದು ಕಂಡ ಸುಪ್ರೀಂ ಕೋರ್ಟು, 2025ರ ಜನವರಿ 2ರಂದು, 2019ರ ಏಪ್ರಿಲ್‌ನ ಪೇಟೆಯ ಬೆಲೆಯನ್ನೇ ಆಧಾರವಾಗಿಡಬೇಕೆಂದು ಆಜ್ಞಾಪಿಸಿತು. ನೆಲವು ಹೋಗಿ ಇಪ್ಪತ್ತು ವರುಷವಾದ ಮನೆಯಲ್ಲಿ ಎಷ್ಟು ಮದುವೆಗಳು ನಿಂತಿರಬೇಕು, ಎಷ್ಟು ಹುಡುಗರ ಓದು ಮೊಟಕಾಗಿರಬೇಕು!

ಇದೆಲ್ಲ ದೊಡ್ಡ ಕೋರ್ಟಿನ ಮಾತು. ಹಳ್ಳಿಯಲ್ಲಿ ಹಕ್ಕು ಉಳಿಯುವುದೋ ಅಳಿಯುವುದೋ ಕಾಗದಗಳ ಮೇಲೆ ನಿಂತಿದೆ. ಮೇಷ್ಟರೆಂಬ ಕಾರಣದಿಂದ ನೋಟೀಸು ಹಿಡಿದುಕೊಂಡು ನಮ್ಮ ಜಗಲಿಗೆ ಬರುವವರುಂಟು. ಅಂತಹವರಲ್ಲಿ ಒಬ್ಬ ತಾಯಿಯ ಸಂಗತಿಯನ್ನು ಹೇಳುತ್ತೇವೆ. ಎರಡೆಕರೆ ಖುಷ್ಕಿ, ಒಂದು ಕೊಳವೆಬಾವಿ, ನಾಲ್ಕು ಹುಣಿಸೆಮರ. ಮಾವ ಹೋಗಿ ಹದಿನೈದು ವರುಷ, ಗಂಡ ಹೋಗಿ ಆರು ವರುಷ. ಪಹಣಿಯಲ್ಲಿ ಇನ್ನೂ ಮಾವನ ಹೆಸರೇ. ನೋಟೀಸು ಬಂದದ್ದು ಸತ್ತವರ ಹೆಸರಿಗೆ. “ಮೇಷ್ಟ್ರೇ, ಅವರಿಲ್ಲ ಅಂತ ಹೇಳಿ ವಾಪಸು ಕಳಿಸಿಬಿಡಲೇನು? ನೆಲ ಉಳೀತದಾ?” ಎಂದು ಆಕೆ ಕೇಳಿದರು. ನೋಟೀಸನ್ನು ತೆಗೆದುಕೊಳ್ಳದಿದ್ದರೆ ನೆಲವು ಉಳಿಯುವುದಿಲ್ಲ, ಆಕ್ಷೇಪಣೆಯ ಅವಧಿಯು ಕಳೆಯುತ್ತದೆ, ಅಷ್ಟೆ. ಆ ಮನೆಯವರು ಮೊದಲು ಪೌತಿ ಖಾತೆಗೆ ಅರ್ಜಿಯನ್ನು ಕೊಡಬೇಕಾಗಿತ್ತು. ಮದುವೆಯಾದ ಇಬ್ಬರು ಹೆಣ್ಣುಮಕ್ಕಳ ಹೆಸರನ್ನೂ ಸೇರಿಸಿರೆಂದಾಗ ಆಕೆ ಹಿಂದೆಮುಂದೆ ನೋಡಿದರು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆಯೇ ಹಕ್ಕನ್ನು ಕರ್ನಾಟಕವು 1994ರಲ್ಲಿಯೇ ಕೊಟ್ಟಿತು. ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಈಗ ಹೆಸರನ್ನು ಬಿಟ್ಟರೆ ನಾಳೆ ಹಣವನ್ನು ಹಂಚುವಾಗ ತಕರಾರು ಹುಟ್ಟಿ, ಪರಿಹಾರವು ಕೈಗೆ ಬಾರದೆ ಠೇವಣಿಯಲ್ಲಿ ಕುಳಿತುಬಿಡುವುದು.

ಬಂದ ನೋಟೀಸು ಯಾವ ಕಾಯಿದೆಯದೆಂದು ನೋಡುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಏಕೆಂದರೆ ದಿನಗಳ ಲೆಕ್ಕವು ಒಂದೊಂದರಲ್ಲಿ ಒಂದೊಂದು ಬಗೆ. ರಾಷ್ಟ್ರೀಯ ಹೆದ್ದಾರಿಗಳ 1956ರ ಕಾಯಿದೆಯಾದರೆ ಅಧಿಸೂಚನೆಯು ಪ್ರಕಟವಾದ 21 ದಿನಗಳೊಳಗೆ ಆಕ್ಷೇಪಣೆ. ಕೈಗಾರಿಕಾ ಪ್ರದೇಶಗಳ ಮಂಡಳಿಯ 1966ರ ಕಾಯಿದೆಯಾದರೆ ನೋಟೀಸು ತಲಪಿದ 30 ದಿನಗಳೊಳಗೆ. 2013ರ ಭೂಸ್ವಾಧೀನ ಕಾಯಿದೆಯಾದರೆ 60 ದಿನ. 2014ರ ಜನವರಿ 1ರಿಂದ ಜಾರಿಗೆ ಬಂದ ಈ ಕೊನೆಯ ಕಾಯಿದೆಯು, 1894ರ ಹಳೆಯ ಕಾಯಿದೆಯು ಕೊಡುತ್ತಿದ್ದ ನೂರಕ್ಕೆ 30ರ ಸಾಂತ್ವನಧನವನ್ನು ನೂರಕ್ಕೆ ನೂರಕ್ಕೆ ಏರಿಸಿತು. ಹೆದ್ದಾರಿಗೆ ನೆಲ ಕೊಟ್ಟವರಿಗೆ 1997ರ ಒಂದು ತಿದ್ದುಪಡಿಯಿಂದ ಸಾಂತ್ವನಧನವೇ ಇಲ್ಲವಾಗಿತ್ತು. ಅದೇ ಊರಿನ ಅದೇ ಮಣ್ಣು, ಶಾಲೆಗಾದರೆ ಒಂದು ಲೆಕ್ಕ, ರಸ್ತೆಗಾದರೆ ಇನ್ನೊಂದು ಲೆಕ್ಕ! ಈ ಭೇದವು ಸಮಾನತೆಗೆ ವಿರುದ್ಧವೆಂದು ಸುಪ್ರೀಂ ಕೋರ್ಟು 2019ರ ಸೆಪ್ಟೆಂಬರಿನಲ್ಲಿ ಅದನ್ನು ತಳ್ಳಿಹಾಕಿತು. 2015ರ ಮೊದಲ ದಿನದಿಂದ ಈಚಿನ ಹೆದ್ದಾರಿ ಸ್ವಾಧೀನಗಳಿಗೆ 2013ರ ಕಾಯಿದೆಯ ಪರಿಹಾರದ ಲೆಕ್ಕವೇ ಅನ್ವಯಿಸುತ್ತದೆ.

ಅಳತೆಗೆ ಬಂದ ದಿನ ಮನೆಯವರು ಹೊಲದಲ್ಲಿ ನಿಂತಿರತಕ್ಕದ್ದು. ಮರ, ಬಾವಿ, ಕೊಟ್ಟಿಗೆ, ಪಂಪಿನ ಮನೆ, ಇವುಗಳಿಗೆ ನೆಲದ ಬೆಲೆಯಲ್ಲದೆ ಬೇರೆ ಬೆಲೆಯುಂಟು. ಪಟ್ಟಿಯಲ್ಲಿ ಬರೆಸದ ಹುಣಿಸೆಮರವು ಆಮೇಲೆ ಎಷ್ಟು ಗೋಗರೆದರೂ ಲೆಕ್ಕಕ್ಕೆ ಬರುವುದು ಕಷ್ಟ. ಆ ತಾಯಿ ನಾಲ್ಕು ಮರಗಳನ್ನೂ ಬರೆಸಿದರು. ಕೊಳವೆಬಾವಿಯ ಆಳವನ್ನು ತೋರಿಸುವ ಹಳೆಯ ರಸೀತಿಯೊಂದು ದೇವರ ಗೂಡಿನಲ್ಲಿ ಸಿಕ್ಕಿತು.

ಹಣವನ್ನು ಪಡೆಯುವಾಗಿನ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. 1894ರ ಕಾಯಿದೆಯಲ್ಲಿದ್ದಂತೆಯೇ 2013ರ ಕಾಯಿದೆಯಲ್ಲಿಯೂ, ಗೊತ್ತುಮಾಡಿದ ಹಣವನ್ನು ಅಸಮ್ಮತಿಯನ್ನು ಸೂಚಿಸದೆ ತೆಗೆದುಕೊಂಡವನು ಹೆಚ್ಚಿನ ಪರಿಹಾರವನ್ನು ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಆದುದರಿಂದ ರಸೀತಿಗೆ ರುಜುಹಾಕುವಾಗ, ಪರಿಹಾರದ ಮೊತ್ತಕ್ಕೆ ನನ್ನ ಆಕ್ಷೇಪಣೆಯಿದೆ, ಅದಕ್ಕೊಳಪಟ್ಟು ಪಡೆದಿದ್ದೇನೆ ಎಂದು ಸ್ವಂತ ಕೈಯಲ್ಲಿ ಬರೆದು ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಳ್ಳಬೇಕು. ಐತೀರ್ಪಿನ ಕಾಲದಲ್ಲಿ ಎದುರಿಗಿದ್ದವನು ಆರು ವಾರಗಳೊಳಗೆ ಮೇಲಿನ ಪ್ರಾಧಿಕಾರಕ್ಕೆ ಪ್ರಕರಣವನ್ನು ಒಪ್ಪಿಸುವಂತೆ ಅರ್ಜಿಯನ್ನು ಕೊಡತಕ್ಕದ್ದು. ಹೆದ್ದಾರಿಯ ಕಾಯಿದೆಯಲ್ಲಿ ಈ ಕೆಲಸಕ್ಕೆ ಮಧ್ಯಸ್ಥಗಾರನೊಬ್ಬನಿರುತ್ತಾನೆ.

ಅರ್ಜಿಯನ್ನೇ ಕೊಡದೆ ಸುಮ್ಮನಿದ್ದ ಬಡವನಿಗೂ 2013ರ ಕಾಯಿದೆಯ 73ನೆಯ ವಿಧಿಯು ಒಂದು ಕಿಂಡಿಯನ್ನು ತೆರೆದಿದೆ. ಅದೇ ಅಧಿಸೂಚನೆಯಲ್ಲಿ ನೆಲವನ್ನು ಕಳೆದುಕೊಂಡ ನೆರೆಯವನು ಪ್ರಾಧಿಕಾರಕ್ಕೆ ಹೋಗಿ ಹೆಚ್ಚಿನ ಪರಿಹಾರವನ್ನು ಪಡೆದನಾದರೆ, ಅದೇ ದರವನ್ನು ತನಗೂ ಕೊಡಬೇಕೆಂದು ಮೂರು ತಿಂಗಳೊಳಗೆ ಕಲೆಕ್ಟರಿಗೆ ಬರೆದುಕೊಳ್ಳಬಹುದು. ತೀರ್ಪನ್ನಿತ್ತ ದಿನವನ್ನೂ, ಅದರ ನಕಲನ್ನು ಪಡೆಯಲು ಹಿಡಿದ ದಿನಗಳನ್ನೂ ಬಿಟ್ಟು ಆ ಮೂರು ತಿಂಗಳನ್ನು ಎಣಿಸತಕ್ಕದ್ದು.